ಐದು ಮಕ್ಕಳು ಬೇಕು

ಬ್ರೆನ್ನರ್ ಕಣಿವೆಯ ಆ ಕಡೆಯಿಂದ ಈ ಕಡೆಗೆ ಮನೆ ಬದಲಾಯಿಸಿದಾಗ ಎಗೊನ್‌ನ ಸಂಸಾರಕ್ಕೆ ಎರಡೂ ಕಡೆ ಆಡುವ ಜರ್ಮನ್ ಭಾಷೆ ಬದಲಾಗಲಿಲ್ಲ, ಊಟ ಬದಲಾಗಲಿಲ್ಲ. ಕಿಟಕಿಯಿಂದ ಕಾಣುವ ಬೆಟ್ಟ ಕೂಡ ಅದೇ. ಅಲ್ಲಿ ಅದರ ಬೆನ್ನು ಕಾಣುತ್ತಿತ್ತು, ಇಲ್ಲಿ ಮುಖ ಕಾಣತೊಡಗಿತು, ಅಷ್ಟೆ. ಆ ಕಡೆಯದು ಇಟಲಿ, ಈ ಕಡೆಯದು ಆಸ್ಟ್ರಿಯಾ ಎಂಬುದನ್ನು ಎರಡೂ ಕಡೆಯ ಜನ ದಿನನಿತ್ಯದಲ್ಲಿ ಅಷ್ಟಾಗಿ ನೆನಪಿಟ್ಟುಕೊಳ್ಳುವವರಲ್ಲ. ಮಗಳು ವೆರೆನಾಳನ್ನು ಶಾಲೆಗೆ ಸೇರಿಸಲು ಹೋದಾಗ ಮಾತ್ರ ಆ ಗಡಿ ಎಷ್ಟು ಎತ್ತರದ್ದು ಎಂಬುದು ಗೊತ್ತಾಯಿತು.

ಎಗೊನ್ ಈ ಕಡೆಯವನೇ. ಇದೇ ಹಳ್ಳಿಯಲ್ಲಿ ಹುಟ್ಟಿ ಬೆಳೆದವನು. ಮನೆಯನ್ನು ಚಳಿಗಾಲವಿಡೀ ಬೆಚ್ಚಗಿಡುವ ಸುಟ್ಟಮಣ್ಣಿನ ದೊಡ್ಡ ಒಲೆಗಳನ್ನು ಕಟ್ಟುವುದು ಅವನ ಕಸುಬು. ಸೋದರಮಾವನ ಹತ್ತಿರ ಕೆಲಸ ಕಲಿತು, ಹರೆಯದಲ್ಲೇ ಕಣಿವೆ ದಾಟಿ ಆ ಕಡೆ ಹೋಗಿ ನೆಲೆಸಿದ್ದ. ಅಲ್ಲಿಯ ಹುಡುಗಿ ಮಾರ್ಗಿಟ್‌ಳನ್ನು ಮದುವೆಯಾದ. ಅವಳು ವೃದ್ಧಾಶ್ರಮದಲ್ಲಿ ನರ್ಸ್. ಈಗ ಮಾವನಿಗೆ ಮಂಡಿ ನೋವು ಹೆಚ್ಚಾಗಿ, ‘ಕೆಲಸದ ಮನೆ ನೀನೇ ನಡೆಸು’ ಎಂದು ಕರೆದದ್ದಕ್ಕೆ ಬಂದಿದ್ದ. ಮಾರ್ಗಿಟ್‌ಗೂ ಇನ್ಸ್‌ಬ್ರುಕ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಎಗೊನ್‌ಗೆ ಬರುವ ಮನಸ್ಸು ಅಷ್ಟಾಗಿ ಇರಲಿಲ್ಲ. ಯಾಕೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ವೆರೆನಾಗೆ ಆಗ ಎಂಟು ವರ್ಷ. ಬೆಳಿಗ್ಗೆ ಕಲಿತ ಅಕ್ಷರ ಸಂಜೆಗೆ ಅವಳ ಕೈಬಿಟ್ಟು ಹೋಗಿರುತ್ತಿತ್ತು. ಹತ್ತರ ಆಚೆಯ ಲೆಕ್ಕ ಮಂಜಿನಲ್ಲಿ ದಾರಿ ಹುಡುಕಿದ ಹಾಗೆ. ಇಂಥ ಮಕ್ಕಳಿಗೆ ಬೇರೆ ಏನೋ ಒಂದು ವಿಶೇಷ ಪ್ರತಿಭೆ ಇರುತ್ತದೆ ಎಂದು ಜನ ಸಮಾಧಾನ ಹೇಳುತ್ತಾರೆ. ವೆರೆನಾಗೆ ಅಂಥದ್ದೇನೂ ಇರಲಿಲ್ಲ. ಚಿತ್ರವೂ ಬರುತ್ತಿರಲಿಲ್ಲ, ಹಾಡೂ ಬರುತ್ತಿರಲಿಲ್ಲ. ಅವಳು ನಿಧಾನದ ಹುಡುಗಿ, ನಗುಮುಖದ ಹುಡುಗಿ, ಅಷ್ಟೆ.

ಆ ಕಡೆಯ ಶಾಲೆಯಲ್ಲಿ ಇದೊಂದು ದೊಡ್ಡ ಸಂಗತಿ ಆಗಿರಲಿಲ್ಲ. ಅಲ್ಲಿ ನಿಧಾನದವರಿಗೆಂದು ಬೇರೆ ಶಾಲೆಯೇ ಇಲ್ಲ. ಇರುವ ಮಕ್ಕಳೆಲ್ಲ ಒಂದೇ ಕೋಣೆ. ವೆರೆನಾಳ ತರಗತಿಗೆ ಇನ್ನೊಬ್ಬ ಟೀಚರ್ ಬರುತ್ತಿದ್ದರು, ನೆರವಿನ ಟೀಚರ್ ಎಂದು. ಹಾಗಂತ ಅದೇನು ಸ್ವರ್ಗವಲ್ಲ. ಒಂದು ವರ್ಷ ಆ ಟೀಚರ್ ಅರ್ಧಕ್ಕೇ ಕೆಲಸ ಬಿಟ್ಟು ಹೋಗಿ, ಬೇರೆಯವರು ಬರುವ ತನಕ ವೆರೆನಾ ಕಿಟಕಿ ಪಕ್ಕ ಕೂತು ಬಣ್ಣ ಹಚ್ಚಿದ್ದೇ ಹಚ್ಚಿದ್ದು. ಆದರೆ ಮಕ್ಕಳು ಅವಳನ್ನು ತಮ್ಮಲ್ಲೊಬ್ಬಳೆಂದೇ ನೋಡುತ್ತಿದ್ದರು. ಅವಳು ಓದಲು ನಿಂತರೆ ಕಾಯುತ್ತಿದ್ದರು, ಬೇಸರ ಬಂದರೆ ಆಕಳಿಸುತ್ತಿದ್ದರು. ಅವಳ ಹುಟ್ಟುಹಬ್ಬಕ್ಕೆ ಎಲ್ಲರೂ ಬಂದು ಕೇಕು ತಿಂದು ಹೋಗುತ್ತಿದ್ದರು.

ಈ ಕಡೆಯ ಹಳ್ಳಿ ಶಾಲೆಯಲ್ಲಿ ಎರಡೆರಡು ತರಗತಿ ಸೇರಿ ಒಂದೇ ಕೋಣೆ, ಒಬ್ಬರೇ ಟೀಚರ್. ಮುಖ್ಯ ಶಿಕ್ಷಕಿ ರೋಸ್ವಿತಾ ಕಟ್ಟುನಿಟ್ಟಿನ ಹೆಂಗಸು, ಆದರೆ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ವೆರೆನಾಳನ್ನು ಎರಡನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸಿದರು. ಶರತ್ಕಾಲ ಮುಗಿಯುವಷ್ಟರಲ್ಲಿ ಹುಡುಗಿಯ ನಗು ಇಂಗಿಹೋಗಿತ್ತು. ಬೆಳಿಗ್ಗೆ ಬೂಟು ಹಾಕಿಕೊಳ್ಳಲು ಕೂತರೆ ಏಳುತ್ತಲೇ ಇರಲಿಲ್ಲ. ಒಂದು ದಿನ ಅಮ್ಮನನ್ನು ಕೇಳಿದಳು, “ಮಮ್ಮಾ, ನಾನು ಯಾವಾಗಿಂದ ದಡ್ಡಿ ಆದೆ?”

ಮಾರ್ಗಿಟ್ ಬಾಗಿಲ ಹಿಂದೆ ಹೋಗಿ ಅತ್ತಳು.

ಇನ್ಸ್‌ಬ್ರುಕ್‌ನಿಂದ ಒಬ್ಬ ತಜ್ಞೆ ಬಂದು ಹುಡುಗಿಗೆ ಪರೀಕ್ಷೆ ಮಾಡಿ ಹೋದ ಮೇಲೆ ರೋಸ್ವಿತಾ ಟೀಚರ್ ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು.

“ನೋಡಿ, ಮುಚ್ಚುಮರೆ ಮಾಡಲ್ಲ. ಇವಳಿಗೆ ವಿಶೇಷ ನೆರವು ಬೇಕು ಅಂತ ಬಂದಿದೆ. ಕೆಳಗಿನ ಊರಲ್ಲಿ ವಿಶೇಷ ಶಾಲೆ ಇದೆ. ಎಂಟೋ ಒಂಬತ್ತೋ ಮಕ್ಕಳು, ಇಬ್ಬರು ಟೀಚರ್. ನನ್ನ ಹತ್ರ ಇಪ್ಪತ್ಮೂರು ಮಕ್ಕಳು, ನಾನೊಬ್ಬಳು. ನಾನು ಇವಳಿಗೆ ಏನು ಕೊಡಕ್ಕಾಗುತ್ತೆ, ನೀವೇ ಹೇಳಿ.”

“ನಮ್ಮ ಕಡೆ ಅಂಥ ಶಾಲೆಗಳೇ ಇಲ್ಲ,” ಎಂದಳು ಮಾರ್ಗಿಟ್.

“ಗೊತ್ತು. ನಿಮ್ಮ ಕಡೆ ಹೇಗೆ ಸಂಭಾಳಿಸ್ತಾರೋ ಆ ದೇವರಿಗೇ ಗೊತ್ತು. ಇಲ್ಲಿ ಬಲವಂತ ಏನಿಲ್ಲ, ತೀರ್ಮಾನ ಅಪ್ಪ ಅಮ್ಮಂದು. ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ.” ಆಮೇಲೆ ಅವರು ಎಗೊನ್‌ನ ಕಡೆ ತಿರುಗಿದರು. “ನೀವೇನಂತೀರ?”

“ಬೇಡ,” ಎಂದ ಎಗೊನ್.

ಅಷ್ಟೇ ಹೇಳಿದ್ದು. ಮನೆಗೆ ಬಂದ ಮೇಲೆ ಮಾರ್ಗಿಟ್ ಬಿಡಲಿಲ್ಲ. ಆಶ್ಚರ್ಯವೆಂದರೆ, ಆ ಶಾಲೆಯತ್ತ ವಾಲಿದ್ದು ಅಂಥ ಶಾಲೆಯ ಹೆಸರನ್ನೇ ಕೇಳದೆ ಬೆಳೆದ ಮಾರ್ಗಿಟ್.

“ದಿನಾ ಬೆಳಿಗ್ಗೆ ಅವಳ ಕಾಲಿಗೆ ಬೂಟು ತುರುಕೋಳು ನಾನು. ನೀನಲ್ಲ. ಅಲ್ಲಿ ಇಬ್ಬರು ಟೀಚರ್ ಇದಾರಂತೆ. ನೋಡೋದ್ರಲ್ಲಿ ನಷ್ಟ ಏನು?”

“ಬೇಡ ಅಂದ್ನಲ್ಲ.”

“ಯಾಕೆ ಬೇಡ? ಕಾರಣ ಹೇಳು. ಬರೀ ಬೇಡ ಬೇಡ ಅಂದ್ರೆ ನಾನೇನು ಮಾಡ್ಲಿ?”

ಎಗೊನ್‌ನ ಹತ್ತಿರ ಕಾರಣ ಇತ್ತು. ಗಂಡ ತಡವರಿಸಿಕೊಂಡು ಓದುತ್ತಾನೆ, ಬರೆಯುವ ಕೆಲಸ ಬಂದರೆ ತನ್ನ ಕಡೆ ತಳ್ಳುತ್ತಾನೆ ಎಂಬುದು ಮಾರ್ಗಿಟ್‌ಗೆ ಗೊತ್ತಿತ್ತು. ಓದು ಹತ್ತದವನು, ಬೇಗ ಕಸುಬಿಗೆ ಬಿದ್ದವನು ಎಂದುಕೊಂಡಿದ್ದಳು. ಅವನು ಎಂಟು ವರ್ಷ ಆ ಕೆಳಗಿನ ಊರಿನ ವಿಶೇಷ ಶಾಲೆಯಲ್ಲೇ ಓದಿದವನು ಎಂಬುದನ್ನು ಅವನು ಅವಳಿಗೆ ಹೇಳಿರಲಿಲ್ಲ. ಮದುವೆಗೆ ಮುಂಚೆ ಹೇಳಬೇಕೆಂದಿದ್ದ, ಹೇಳಲಿಲ್ಲ. ಆಮೇಲೆ ಹೇಳುವ ಹೊತ್ತು ಮೀರಿಹೋಯಿತು. ಕಣಿವೆಯ ಆಚೆ ಅದು ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದ ಊರಿನಲ್ಲಿ ಬದುಕುವುದು ಎಷ್ಟು ಹಗುರವೆಂದು ಅವನಿಗೆ ಮೊದಲ ಸಲ ತಿಳಿದದ್ದೇ ಅಲ್ಲಿ.

ಕೊನೆಗೆ ಹೋದರು. ಹೋಗದಿರಲು ಅವನ ಬಳಿ ಬಾಯಿಬಿಟ್ಟು ಹೇಳಬಲ್ಲ ಕಾರಣ ಉಳಿದಿರಲಿಲ್ಲ.

ಶಾಲೆಯ ಗೋಡೆಗಳಿಗೆ ಹೊಸ ಹಳದಿ ಬಣ್ಣ ಬಂದಿತ್ತು. ಒಳಗೆ ಬೆಚ್ಚಗಿತ್ತು, ಅಡುಗೆಕೋಣೆಯಿಂದ ದಾಲ್ಚಿನ್ನಿಯ ವಾಸನೆ ಬರುತ್ತಿತ್ತು. ಇಬ್ಬರು ಮಕ್ಕಳು ನೆಲದ ಮೇಲೆ ಅಂಗಾತ ಮಲಗಿ ಕಥೆ ಕೇಳುತ್ತಿದ್ದರು, ಯಾರೂ ಅವರನ್ನು ಎಬ್ಬಿಸಲಿಲ್ಲ. ಮುಖ್ಯಸ್ಥೆ ಚಿಕ್ಕ ವಯಸ್ಸಿನವಳು. ವೆರೆನಾಳ ಮುಂದೆ ಮಂಡಿಯೂರಿ ಕೂತು ಅವಳ ಹೆಸರು ಕೇಳಿದಳು, ಉತ್ತರ ಬರುವ ತನಕ ಕಾದಳು. ಮಾರ್ಗಿಟ್‌ಳ ಮುಖ ಸಡಿಲವಾಗುತ್ತಾ ಬಂದದ್ದನ್ನು ಎಗೊನ್ ನೋಡಿದ. ಇಲ್ಲಿ ನನ್ನ ಮಗು ಅಳುವುದಿಲ್ಲ ಎಂದು ಅವಳು ಅಂದುಕೊಳ್ಳುತ್ತಿದ್ದಾಳೆ. ಅದು ನಿಜವೂ ಹೌದು.

ಅಷ್ಟರಲ್ಲಿ ಅಡುಗೆಕೋಣೆಯಿಂದ ಕೈಗೆ ಹಿಟ್ಟು ಮೆತ್ತಿಕೊಂಡ ಮುದುಕಿಯೊಬ್ಬರು ಹೊರಗೆ ಬಂದರು. ಹೆಡ್ವಿಗ್ ಟೀಚರ್. ನಿವೃತ್ತರಾಗಿ ಎಷ್ಟೋ ಕಾಲವಾದರೂ ವಾರಕ್ಕೊಮ್ಮೆ ಬಂದು ಮಕ್ಕಳ ಜೊತೆ ಬಿಸ್ಕತ್ತು ಸುಡುತ್ತಿದ್ದರು. ಎಗೊನ್‌ನನ್ನು ಕಂಡು ನಿಂತರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

“ನನ್ನ ಎಗೊನ್ ಅಲ್ವಾ ನೀನು? ಕಿವಿ ನೋಡಿದ ತಕ್ಷಣ ಗೊತ್ತಾಯ್ತು. ಎಷ್ಟು ಎತ್ತರ ಆಗಿದೀಯೋ.” ಹಿಟ್ಟಿನ ಕೈಯಲ್ಲೇ ಅವನ ಕೆನ್ನೆ ಸವರಿದರು. ಆಮೇಲೆ ವೆರೆನಾಳನ್ನು ನೋಡಿ ಅವರ ಮುಖ ಅರಳಿತು. “ಮಗಳಾ? ಇಲ್ಲಿಗೇ ಕರ್ಕೊಂಡು ಬಂದೆಯಾ? ಒಳ್ಳೇದು ಮಾಡ್ದೆ ಕಣಪ್ಪ. ಅಪ್ಪ ಕೂತ ಜಾಗದಲ್ಲೇ ಕೂತ್ಕೋತಾಳೆ.”

ಅವರು ಪ್ರೀತಿಯಿಂದಲೇ ಹೇಳಿದ್ದು. ಎಗೊನ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಾರ್ಗಿಟ್ ಅವನ ಕಡೆ ನೋಡಲಿಲ್ಲ. ಮಗಳ ಕೋಟಿನ ಗುಂಡಿಯನ್ನು ನಿಧಾನವಾಗಿ, ಮೇಲಿನಿಂದ ಕೆಳಗಿನ ತನಕ, ಹಾಕತೊಡಗಿದಳು.

ಕಾರಿನಲ್ಲಿ ವೆರೆನಾ ಹಿಂದಿನ ಸೀಟಿನಲ್ಲಿ ಬಿಸಿ ಬಿಸ್ಕತ್ತು ತಿನ್ನುತ್ತಾ ಕೂತಳು. ಮನೆಯ ಮುಂದೆ ಬಂದು ಮಗು ಇಳಿದು ಓಡಿದ ಮೇಲೆ ಮಾರ್ಗಿಟ್ ಬಾಯಿ ತೆರೆದಳು.

“ಹನ್ನೊಂದು ವರ್ಷ ಆಯ್ತು ಮದುವೆ ಆಗಿ.”

“ಹೂಂ.”

“ಅವರು ಹೊಡೀತಿದ್ರಾ ನಿನ್ನ?”

“ಇಲ್ಲ. ಒಂದ್ಸಲನೂ ಇಲ್ಲ. ಹೆಡ್ವಿಗ್ ಟೀಚರ್‌ನ ನೋಡ್ದಲ್ಲ, ಆಗಲೂ ಹಾಗೇ ಇದ್ರು. ಅಲ್ಲಿ ಯಾರೂ ಕೆಟ್ಟೋರಿರ್ಲಿಲ್ಲ ಮಾರ್ಗಿಟ್. ಕೆಟ್ಟೋರಿದ್ದಿದ್ರೆ ಹೇಳೋಕೆ ಸುಲಭ ಆಗ್ತಿತ್ತು.”

“ಮತ್ತೆ?”

ಎಗೊನ್ ಸ್ಟಿಯರಿಂಗನ್ನು ಹಿಡಿದೇ ಇದ್ದ. ಕಾರು ನಿಂತಿತ್ತು.

“ಬೆಳಿಗ್ಗೆ ಚರ್ಚ್ ಮುಂದೆ ಊರಿನ ಹುಡುಗ್ರೆಲ್ಲ ನಡ್ಕೊಂಡು ಶಾಲೆಗೆ ಹೋಗ್ತಿದ್ರು. ನಾನೊಬ್ಬ ಬಸ್ಸಿಗೆ ನಿಂತಿರ್ತಿದ್ದೆ. ದಡ್ಡರ ಬಸ್ಸು ಅಂತಿದ್ರು. ಅವರ ಜೊತೆ ಮೂರನೇ ವಯಸ್ಸಿಂದ ಆಡಿದೋನು ನಾನು. ಒಂದು ವರ್ಷ ಅಣಕಿಸಿದ್ರು, ಪರವಾಗಿಲ್ಲ. ಆಮೇಲೆ ಅಣಕಿಸೋದನ್ನೂ ಬಿಟ್ರು. ನಾನು ಅಲ್ಲಿ ನಿಂತಿದೀನಿ ಅನ್ನೋದೇ ಅವರಿಗೆ ಮರ್ತೋಯ್ತು. ಫುಟ್‌ಬಾಲ್ ಟೀಮು, ಬ್ಯಾಂಡು, ಯಾವುದಕ್ಕೂ ಕರೀಲಿಲ್ಲ. ಬೇಡ ಅಂತ ಅಲ್ಲ. ನೆನಪಾಗ್ತಿರ್ಲಿಲ್ಲ. ಶಾಲೆ ಮುಗಿಸಿ ಬಂದಾಗ ಈ ಊರಲ್ಲಿ ನನಗೆ ಪರಿಚಯ ಇದ್ದಿದ್ದು ನಮ್ಮ ಮಾವ ಒಬ್ಬನೇ. ಬೇರೆ ಯಾರೂ ಕೆಲಸಕ್ಕೆ ತಗೊಳ್ತಿರ್ಲಿಲ್ಲ, ಆ ಶಾಲೆ ಕಾಗದ ನೋಡಿದ್ರೆ ಸಾಕು.”

ಮಾರ್ಗಿಟ್ ಸೀಟ್ ಬೆಲ್ಟ್ ಬಿಚ್ಚಿದಳು, ಇಳಿಯಲಿಲ್ಲ.

“ನನಗೆ ಸಿಟ್ಟು ಬಂದಿದೆ,” ಎಂದಳು. “ಆ ಶಾಲೆಗೆ ಹೋದೆ ಅಂತಲ್ಲ. ನನ್ನಿಂದಲೂ ಮುಚ್ಚಿಟ್ಯಲ್ಲ, ಅದಕ್ಕೆ. ಅದು ಆಮೇಲೆ ನೋಡ್ಕೊಳ್ಳೋಣ. ಈಗ ಅವಳಿಗೆ ಏನು ಮಾಡೋದು ಹೇಳು. ಇಲ್ಲೇ ಬಿಟ್ರೆ ಅಳ್ತಾಳೆ, ಅಲ್ಲಿಗೆ ಕಳಿಸಿದ್ರೆ ನಿನ್ನ ಹಾಗೆ ಆಗ್ತಾಳೆ.”

ಮರುವಾರ ಇಬ್ಬರೂ ರೋಸ್ವಿತಾ ಟೀಚರ್ ಎದುರು ಮತ್ತೆ ಕೂತರು. ಈ ಊರಿನ ಶಾಲೆಯಲ್ಲೇ ಇರಲಿ, ಆದರೆ ನೆರವು ಬೇಕು ಎಂದರು. ಟೀಚರ್ ನಿಟ್ಟುಸಿರು ಬಿಟ್ಟರು.

“ಒಂದು ಮಗುವಿಗೆ ಅಂತ ವಾರಕ್ಕೆ ನಾಲ್ಕೈದು ಗಂಟೆ ಯಾರನ್ನಾದ್ರೂ ಕಳಿಸ್ತಾರೆ. ಬೆಂಕಿಗೆ ಬೊಗಸೆ ನೀರು. ಪೂರ್ತಿ ಹೊತ್ತಿನ ಎರಡನೇ ಟೀಚರ್ ಬೇಕು ಅಂದ್ರೆ ಅಂಥ ಐದು ಮಕ್ಕಳು ಒಂದೇ ಕೋಣೇಲಿ ಇರಬೇಕು. ಐದು ಮಕ್ಕಳು ಬೇಕು. ನಾನೆಲ್ಲಿಂದ ತರಲಿ?”

“ಈ ಕಣಿವೆಯಿಂದ ಬಸ್ ಹತ್ತೋ ಮಕ್ಕಳು ಎಷ್ಟು ಜನ?” ಎಂದು ಕೇಳಿದ ಎಗೊನ್.

“ಅವರ ಅಪ್ಪ ಅಮ್ಮಂದಿರು ಆಗಲೇ ತೀರ್ಮಾನ ಮಾಡಿ ಆಗಿದೆಯಲ್ಲ.”

“ಕೇಳಿ ನೋಡ್ತೀನಿ.”

ರೋಸ್ವಿತಾ ಟೀಚರ್ ಅವನನ್ನು ಮೊದಲ ಸಲ ನೋಡುವಂತೆ ನೋಡಿದರು. “ನೀವಾ? ಮನೆ ಮನೆಗೆ ಹೋಗಿ ಏನಂತ ಕೇಳ್ತೀರಿ?”

ಏನಂತ ಕೇಳುವುದೆಂದು ಎಗೊನ್‌ಗೂ ಗೊತ್ತಿರಲಿಲ್ಲ. ಬೇರೆ ಊರಿನಿಂದ ಸೊಸೆಯಾಗಿ ಬಂದು, ಹಾಲಿನ ದನಗಳನ್ನು ಸಾಕಿದ್ದ ಟ್ರೌಡಿಯ ಮನೆಗೆ ಮೊದಲು ಹೋದ. ಅವಳ ಮಗ ಸೆವೆರಿನ್‌ಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಒಂದೆರಡು ಮಾತು ಒಲೆಯ ಬಗ್ಗೆ, ಒಂದೆರಡು ಮಾತು ಹಿಮದ ಬಗ್ಗೆ ಆಡಿ, ವಿಷಯಕ್ಕೆ ಬಂದ. ಸರ್ಕಾರದ ನಿಯಮ ಹೀಗಿದೆ, ಐದು ಮಕ್ಕಳಾದರೆ ಹೀಗಾಗುತ್ತದೆ ಎಂದ. ಟ್ರೌಡಿ ಹಾಲಿನ ಕ್ಯಾನು ಉಜ್ಜುತ್ತಲೇ ಇದ್ದಳು.

“ಆ ಕಡೆಯಿಂದ ಬಂದೋರಿಗೆ ಎಲ್ಲಾ ಸುಲಭ ಕಾಣುತ್ತೆ. ಆ ಶಾಲೆ ಕೆಟ್ಟದು ಅಂತ ನಿನಗ್ಯಾರು ಹೇಳಿದ್ರು?”

“ಕೆಟ್ಟದ್ದಲ್ಲ,” ಎಂದ ಎಗೊನ್. “ನಾನು ಅಲ್ಲೇ ಓದಿದೋನು.”

ಕ್ಯಾನು ಉಜ್ಜುವ ಸದ್ದು ನಿಂತಿತು. ಎಗೊನ್‌ನ ಕಿವಿ ಕೆಂಡದ ಹಾಗೆ ಸುಡುತ್ತಿತ್ತು. ಟ್ರೌಡಿ ಕೈ ಒರೆಸಿಕೊಂಡು, ಬೆಂಚಿನ ಮೇಲಿದ್ದ ಬೆಕ್ಕನ್ನು ಕೆಳಗಿಳಿಸಿ, “ಕೂತ್ಕೋ” ಎಂದಳು. ಎದುರಿಗೆ ಬ್ರೆಡ್ಡು, ಹೊಗೆ ಹಾಕಿ ಒಣಗಿಸಿದ ಮಾಂಸ ಇಟ್ಟಳು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. “ಆ ಬಸ್ಸಲ್ಲಿ ಕೂತು ಹೋಗುವಾಗ ನಿನಗೆ ಏನನ್ನಿಸ್ತಿತ್ತು? ಅವನಿಗೆ ಹೇಳಕ್ಕೆ ಬರಲ್ಲ. ಯಾರನ್ನ ಕೇಳ್ಬೇಕೋ ಗೊತ್ತಾಗ್ತಿರ್ಲಿಲ್ಲ.”

ಎಗೊನ್ ಹೇಳಿದ. ಮಾರ್ಗಿಟ್‌ಗೆ ಹೇಳಿದ್ದಕ್ಕಿಂತ ಹೆಚ್ಚೇ ಹೇಳಿದ.

ಆ ಚಳಿಗಾಲದಲ್ಲಿ ಅವನು ಕಣಿವೆಯ ಎಷ್ಟೋ ಅಡುಗೆಮನೆಗಳಲ್ಲಿ ಕೂತು ಅದನ್ನೇ ಹೇಳಿದ. ಇಪ್ಪತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಬಾಗಿಲಿಗೊಂದು ಸಲ ಹೊರಗೆ ತೆಗೆಯಬೇಕಾಯಿತು. ಹೇಳಿ ಹೇಳಿ ಹಗುರವಾಗುತ್ತದೆ ಎನ್ನುತ್ತಾರೆ. ಅವನಿಗೆ ಹಾಗಾಗಲಿಲ್ಲ. ಪ್ರತಿ ಸಲವೂ ಕಿವಿ ಸುಟ್ಟಿತು. ವೈನ್ ಅಂಗಡಿಯ ಕಟ್ಟೆಯಲ್ಲಿ ಅವನ ಜೊತೆಯವರೇ ಆದ ಕೆಲವರು, “ಅದಕ್ಕೇ ನೋಡು, ನಮ್ಮ ಒಲೆ ಒಂದು ಕಡೆ ವಾಲಿದೆ” ಎಂದು ನಕ್ಕರು. ಕಸುಬಿನವರ ಸಂಘದಲ್ಲಿ ಒಬ್ಬ ಅವನಿಗೆ ಕಾಗದ ಕೊಡುವಾಗ ‘ಓದಿ ಹೇಳ್ಲಾ?’ ಎಂದು ಜೋರಾಗಿ ಕೇಳಿದ. ಮಾರ್ಗಿಟ್‌ಗೆ ಇದು ಗೊತ್ತಾದಾಗ ಅವಳ ಉಳಿದಿದ್ದ ಸಿಟ್ಟು ಆ ಮನುಷ್ಯನ ಕಡೆ ತಿರುಗಿತು.

ಕಮ್ಮಾರನ ಹೆಂಡತಿ ಅಗ್ನೆಸ್ ಮಾತ್ರ ಖಡಾಖಂಡಿತವಾಗಿ ಬೇಡವೆಂದಳು. “ನಮ್ಮ ಹುಡುಗ ಅಲ್ಲಿಗೆ ಹೋದ ಮೇಲೇ ರಾತ್ರಿ ಹಾಸಿಗೆ ಒದ್ದೆ ಮಾಡೋದು ನಿಲ್ಸಿದ್ದು. ಅವನಿಗೆ ಅಲ್ಲಿ ಸ್ನೇಹಿತರಿದಾರೆ. ನಿನಗೆ ಆಗಿದ್ದು ಅವನಿಗೂ ಆಗುತ್ತೆ ಅಂತ ಯಾಕೆ ಅಂದ್ಕೋಬೇಕು?” ಅವಳ ಮಾತು ಸುಳ್ಳೆಂದು ಎಗೊನ್‌ಗೆ ಅನ್ನಿಸಲಿಲ್ಲ. ಟೋಪಿ ಎತ್ತಿಕೊಂಡು ಹೊರಟ.

ಸಿಮೆಂಟ್ ಕಾರ್ಖಾನೆಯ ಹಿಂದಿನ ವಠಾರದಲ್ಲಿ ನುರೆತ್ತಿನ್ ಎಂಬ ತುರ್ಕಿಯವನಿದ್ದ. ಕಾರ್ಖಾನೆಯಲ್ಲಿ ಲಾರಿ ತುಂಬಿಸುವ ಕೆಲಸ. ಅವನ ಮಗಳು ನೆಸ್ರಿನ್ ಮುಂದಿನ ವರ್ಷ ಬಸ್ಸು ಹತ್ತುವವಳಿದ್ದಳು. ಮನೆಯಲ್ಲಿ ತುರ್ಕಿ ಮಾತು, ಊರಿಗೆ ಬಂದೇ ಎರಡು ವರ್ಷ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ಅವಳಿಗೂ ಅದೇ ತಜ್ಞೆಯ ಪರೀಕ್ಷೆ ಆಗಿತ್ತು.

“ಅಣ್ಣ, ನಂಗೆ ಈ ಶಾಲೆ ಆ ಶಾಲೆ ಗೊತ್ತಿಲ್ಲ,” ಎಂದ ನುರೆತ್ತಿನ್, ಸಣ್ಣ ಗಾಜಿನ ಲೋಟದಲ್ಲಿ ಚಹಾ ಬಗ್ಗಿಸುತ್ತಾ. “ವಿಶೇಷ ಅಂದ್ರು. ವಿಶೇಷ ಅಂದ್ರೆ ಒಳ್ಳೇದು ಅಂದ್ಕೊಂಡೆ. ಸಿಹಿ ಹಂಚಿದೆ ನಾನು, ಗೊತ್ತಾ, ಕಾರ್ಖಾನೇಲಿ. ಜನ ಸಿಹಿ ತಿಂದು ನಕ್ರು. ಯಾಕೆ ನಕ್ರು ಅಂತ ಆಮೇಲೆ ನನ್ನ ತಂಗಿ ಫೋನ್ ಮಾಡಿ ಹೇಳಿದ್ಲು. ಅವಳು ಜರ್ಮನಿಯಲ್ಲಿದಾಳೆ, ಅವಳ ಮಗನ್ನೂ ಹಾಗೇ ಕಳಿಸಿದ್ರು. ವಾಪಸ್ ಬರೋ ಬಾಗಿಲು ಸಿಗಲಿಲ್ಲ.”

ಅವನು ಆ ಸಂಜೆಯೇ ಒಪ್ಪಿಕೊಂಡ.

ವಸಂತ ಬರುವ ಹೊತ್ತಿಗೆ ನಾಲ್ಕು ಮಕ್ಕಳಾದರು. ವೆರೆನಾ, ಸೆವೆರಿನ್, ನೆಸ್ರಿನ್, ಮತ್ತೆ ಮೇಲಿನ ಕೇರಿಯ ಮಾತು ಬಾರದ ಒಬ್ಬಳು ಹುಡುಗಿ. ಐದನೆಯದು ಸಿಗಲೇ ಇಲ್ಲ. ನಾಲ್ಕು ಮನೆಯವರೂ ಸೇರಿ ಇನ್ಸ್‌ಬ್ರುಕ್‌ಗೆ ಹೋಗಿ ಶಿಕ್ಷಣಾಧಿಕಾರಿಯ ಎದುರು ಕೂತರು. ಆತ ನಿಯಮ ತೋರಿಸಿದ. ಟ್ರೌಡಿ, “ನಾನು ಹಾಲು ಕರೆಯೋಕೆ ಜನ ಇಟ್ಟು ಬಂದಿದೀನಿ, ಉತ್ತರ ತಗೊಂಡೇ ಹೋಗೋದು” ಎಂದು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಕೂತಳು. ಕೊನೆಗೆ, ಮಧ್ಯಾಹ್ನದ ಒಂದು ತಾಸು ಬಿಟ್ಟು ಉಳಿದ ಹೊತ್ತೆಲ್ಲ ಎರಡನೇ ಟೀಚರ್ ಕೊಡುವುದೆಂದಾಯಿತು. ಆದರೆ ಮಕ್ಕಳ ಸಂಖ್ಯೆ ಇನ್ನೂ ಕಡಿಮೆಯಾದರೆ ಇದೂ ಇಲ್ಲ ಎಂದು ಆತ ಎರಡು ಸಲ ಹೇಳಿದ.

ಸೆಪ್ಟೆಂಬರ್‌ನಲ್ಲಿ ಸಬೀನೆ ಎಂಬ ಟೀಚರ್ ಬಂದಳು. ಮೊದಲ ತಿಂಗಳು ಗೊಂದಲವೋ ಗೊಂದಲ. ಸೆವೆರಿನ್ ಪಾಠದ ನಡುವೆ ಎದ್ದು ದನಗಳನ್ನು ಕೂಗಿ ಕರೆಯುತ್ತಿದ್ದ. ಕೆಲವು ತಾಯಂದಿರು, ನಮ್ಮ ಮಕ್ಕಳ ಓದು ಕೆಡುತ್ತದೆ ಎಂದು ದೂರು ತಂದರು. ರೋಸ್ವಿತಾ ಟೀಚರ್ ಅವರಿಗೆ ಏನು ಹೇಳಿದರೋ, ಎರಡನೇ ಸಲ ಯಾರೂ ಬರಲಿಲ್ಲ. ಹಿಮ ಬೀಳುವ ಹೊತ್ತಿಗೆ ವೆರೆನಾ ತಾನೇ ಬೂಟು ಹಾಕಿಕೊಳ್ಳತೊಡಗಿದ್ದಳು. ಓದು ಅಷ್ಟೇನೂ ಮುಂದೆ ಹೋಗಿರಲಿಲ್ಲ. ಹೋದಷ್ಟು ಹೋಗಿತ್ತು. ಆದರೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಮೂವರು ಹುಡುಗಿಯರು ಕೂತು ಬೆಣ್ಣೆ ಬ್ರೆಡ್ಡು ತಿನ್ನುತ್ತಾ ಯಾರನ್ನೋ ಆಡಿಕೊಂಡು ನಗುತ್ತಿದ್ದರು. ಅದರಲ್ಲಿ ಒಬ್ಬಳು ತನ್ನ ಮಗಳು ಎಂಬುದನ್ನು ಎಗೊನ್ ಬಾಗಿಲಲ್ಲಿ ನಿಂತು ನೋಡಿದ. ಇನ್ನೊಬ್ಬಳು ನೆಸ್ರಿನ್.

ನೆಸ್ರಿನ್‌ಗೆ ಬುದ್ಧಿಯ ಕೊರತೆ ಏನೂ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಮಾತು. ಸಬೀನೆ ಪಕ್ಕದಲ್ಲಿ ಕೂತು ಮಾತಾಡಿಸಿದ ಹಾಗೆಲ್ಲ ಅವಳ ಬಾಯಿ ಬಿಚ್ಚಿಕೊಂಡಿತು. ಈಸ್ಟರ್ ಹೊತ್ತಿಗೆ ತರಗತಿಯ ಅರ್ಧ ಮಕ್ಕಳಿಗಿಂತ ಚೆನ್ನಾಗಿ ಓದುತ್ತಿದ್ದಳು. ತಜ್ಞೆ ಮತ್ತೆ ಬಂದರು, ಪರೀಕ್ಷೆ ಮಾಡಿದರು, ಇವಳಿಗೆ ವಿಶೇಷ ನೆರವಿನ ಅಗತ್ಯವಿಲ್ಲ ಎಂದರು.

ಅಂದರೆ ಮಕ್ಕಳು ಮೂವರಾದರು.

ಮರುದಿನ ಸಂಜೆ ನುರೆತ್ತಿನ್ ಎಗೊನ್‌ನ ಕೆಲಸದ ಮನೆಗೆ ಬಂದ. ಎಗೊನ್ ಒದ್ದೆ ಜೇಡಿಮಣ್ಣು ತುಳಿಯುತ್ತಿದ್ದ. ನುರೆತ್ತಿನ್ ಬಾಗಿಲು ಹಾಕಿ ಬಂದು ತಲೆಕೆಳಗಾಗಿದ್ದ ಬಕೆಟಿನ ಮೇಲೆ ಕೂತ.

“ನಾನು ಯೋಚನೆ ಮಾಡಿದೀನಿ ಅಣ್ಣ. ನಾನು ಸಹಿ ಹಾಕಲ್ಲ. ಆ ತಜ್ಞೆ ಹೇಳಿದ್ದು ನನಗೆ ಒಪ್ಪಿಗೆ ಇಲ್ಲ, ನಮ್ಮ ಹುಡುಗಿಗೆ ಇನ್ನೂ ನೆರವು ಬೇಕು ಅಂತೀನಿ. ಇನ್ನೊಂದು ವರ್ಷ ಅವಳ ಹೆಸರು ಹಾಗೇ ಇರಲಿ. ಟೀಚರ್ ಹೋಗಲ್ಲ. ನಿನ್ನ ಮಗಳು, ಟ್ರೌಡಿ ಮಗ, ಎಲ್ಲರಿಗೂ ಅನುಕೂಲ.”

ಎಗೊನ್ ಮಣ್ಣಿನಿಂದ ಕಾಲು ತೆಗೆದ. ಒಂದು ಗಳಿಗೆ, ಬರೀ ಒಂದು ಗಳಿಗೆ, ಆ ಮಾತು ಅವನ ಎದೆಯಲ್ಲಿ ಬಿಸಿ ಸಾರಿನ ಹಾಗೆ ಇಳಿಯಿತು. ಇನ್ನೊಂದು ವರ್ಷ ಸಬೀನೆ ವೆರೆನಾಳ ಪಕ್ಕ ಇರುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಕೇಳಿದವನೂ ತಾನಲ್ಲ, ಅವನಾಗಿಯೇ ಬಂದು ಕೊಡುತ್ತಿದ್ದಾನೆ.

“ಬೇಡ ನುರೆತ್ತಿನ್,” ಎಂದ.

“ಯಾಕೆ? ನೀನು ಬರದೇ ಇದ್ದಿದ್ರೆ ನನ್ನ ಮಗಳು ಇವತ್ತು ಆ ಬಸ್ಸಲ್ಲಿರ್ತಿದ್ಲು. ಒಂದು ವರ್ಷ ಏನು ಮಹಾ?”

“ನಾಲ್ಕನೇ ಕ್ಲಾಸ್ ಆದ್ಮೇಲೆ ಮಕ್ಕಳನ್ನ ಬೇರೆ ಬೇರೆ ಶಾಲೆಗೆ ಹಂಚ್ತಾರೆ. ಆಗ ಅವಳ ಹೆಸರ ಮುಂದೆ ಆ ಗುರುತು ಇದ್ರೆ ಒಳ್ಳೆ ಶಾಲೆಯೋರು ಹಾಳೆ ತಿರುವಲ್ಲ.”

“ಅಷ್ಟರಲ್ಲಿ ತೆಗೆಸ್ತೀನಿ.”

“ತೆಗೆಸಕ್ಕಾಗುತ್ತೆ ಕಾಗದದಿಂದ.” ಎಗೊನ್ ಕೈಯ ಮಣ್ಣನ್ನು ಬಟ್ಟೆಗೆ ಒರೆಸಿದ, ಮತ್ತೆ ಒರೆಸಿದ. “ನಿನ್ನ ಮಗಳಿಗೆ ಗೊತ್ತಾಗುತ್ತೆ. ತನಗೆ ಬರುತ್ತೆ ಅಂತ ಗೊತ್ತಿದ್ದೂ ಅಪ್ಪ ಬರಲ್ಲ ಅಂತ ಹೇಳಿ ಬಂದ ಅಂತ ಗೊತ್ತಾಗುತ್ತೆ. ಒಂದಿನ ಕೂಡ ಬೇಡ ಅದು ಅವಳಿಗೆ.”

ನುರೆತ್ತಿನ್‌ಗೆ ಸಿಟ್ಟು ಬಂತು. “ನಾನು ನನ್ನ ಕೈಲಿರೋದು ಕೊಡಕ್ಕೆ ಬಂದೆ. ನೀನು ತಗೊಳ್ದೆ ದೊಡ್ಡೋನಾಗ್ತೀಯ. ನಾನೇನಾಗ್ಲಿ?”

“ನೀನು ಅವಳಪ್ಪ ಆಗು, ಸಾಕು.”

ನುರೆತ್ತಿನ್ ಎದ್ದು ಹೋದ. ಬಾಗಿಲು ಹಾಕದೇ ಹೋದ. ಆಮೇಲೆ ಕೆಲವು ವಾರ ಅವರಿಬ್ಬರ ನಡುವೆ ಮಾತಿರಲಿಲ್ಲ.

ಮನೆಗೆ ಬಂದು ಮಾರ್ಗಿಟ್‌ಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಈ ಸಲ ಮುಚ್ಚಿಡುವ ಯೋಚನೆ ಬರಲಿಲ್ಲ. ಅವಳು ಬ್ರೆಡ್ಡಿನ ಉಂಡೆಗಳನ್ನು ಕುದಿಯುವ ನೀರಿಗೆ ಬಿಡುತ್ತಿದ್ದಳು. ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಅವಳ ಕೈ ನಿಧಾನವಾಯಿತು.

“ನನ್ನನ್ನ ಒಂದು ಮಾತು ಕೇಳ್ಬೇಕಾಗಿತ್ತು.”

“ಕೇಳ್ಬೇಕಾಗಿತ್ತು.”

“ಕೇಳಿದ್ರೆ ನಾನು ಒಪ್ಕೋ ಅಂತಿದ್ದೆ. ನಾಚಿಕೆ ಇಲ್ದೆ ಒಪ್ಕೊಂಡುಬಿಡ್ತಿದ್ದೆ.” ಉಳಿದ ಉಂಡೆಗಳನ್ನು ಒಂದೊಂದಾಗಿ ಬಿಟ್ಟಳು. “ನೀನು ಮಾಡಿದ್ದು ತಪ್ಪು ಅಂತ ಹೇಳಕ್ಕೂ ಆಗ್ತಿಲ್ಲ ನನಗೆ. ಅದಕ್ಕೇ ಮೈಯೆಲ್ಲ ಉರೀತಿದೆ.”

ಆ ರಾತ್ರಿ ಊಟಕ್ಕೆ ಕೂತಾಗ ವೆರೆನಾ, ನೆಸ್ರಿನ್‌ಗೆ ಪರೀಕ್ಷೆಯಲ್ಲಿ ಚಾಕೊಲೇಟ್ ಕೊಟ್ಟರಂತೆ ಎಂದು ಹೇಳಿ, ತನಗೆ ಯಾವಾಗ ಎಂದು ಕೇಳಿದಳು.

ನಾಲ್ಕನೇ ತರಗತಿಯಲ್ಲಿ ಸಬೀನೆಯ ಹೊತ್ತು ಅರ್ಧಕ್ಕಿಂತ ಕಡಿಮೆಯಾಯಿತು. ಮೇಲಿನ ಕೇರಿಯ ಹುಡುಗಿಯನ್ನು ಅವಳ ತಾಯಿ ಮತ್ತೆ ವಿಶೇಷ ಶಾಲೆಗೇ ಕಳಿಸಿದಳು. ಸಬೀನೆ ಇಲ್ಲದ ಗಂಟೆಗಳಲ್ಲಿ ಮಗು ಮೂಲೆ ಹಿಡಿದು ಕೂರುತ್ತಿದ್ದದ್ದನ್ನು ತಾಯಿ ನೋಡಲಾರದೆ ಹೋದಳು. ಎಗೊನ್ ಅವಳಿಗೆ ಬೇಡವೆನ್ನಲು ಹೋಗಲಿಲ್ಲ. ಬದಲಿಗೆ ಸಾಮಾನು ಸಾಗಿಸಲು ವ್ಯಾನು ಕೊಟ್ಟ, ಏಕೆಂದರೆ ಆ ಮನೆಯವರು ಶಾಲೆಯ ಹತ್ತಿರಕ್ಕೇ ಮನೆ ಬದಲಾಯಿಸಿದರು. ಸೆವೆರಿನ್ ಹೇಗೋ ಉಳಿದ. ಊರಿನ ಅರ್ಧ ಮಕ್ಕಳಿಗೆ ಈಗ ದನ ಕರೆಯುವ ಅವನ ಕೂಗು ಬರುತ್ತಿತ್ತು. ನೆಸ್ರಿನ್‌ಗೆ ಬೇರೆ ಗೆಳತಿಯರಾದರು. ವೆರೆನಾಳ ಮನೆಗೆ ಬರುವುದು ಕಡಿಮೆಯಾಯಿತು. ನುರೆತ್ತಿನ್ ಮಾತ್ರ ಒಂದು ಭಾನುವಾರ ಮುಚ್ಚಿದ ಪಾತ್ರೆಯಲ್ಲಿ ಏನನ್ನೋ ತಂದು ಮಾರ್ಗಿಟ್‌ಳ ಕೈಗೆ ಕೊಟ್ಟು, ಒಳಗೆ ಬಂದು ಕೂತು, ಹಿಂದಿನದರ ಸುದ್ದಿಯೇ ಎತ್ತದೆ ಫುಟ್‌ಬಾಲ್ ಮಾತಾಡಿ ಹೋದ.

ಮಾರ್ಗಿಟ್ ಕೆಲಸದ ಹೊತ್ತು ಕಡಿಮೆ ಮಾಡಿಕೊಂಡು ಮಧ್ಯಾಹ್ನ ಮಗಳ ಜೊತೆ ಕೂರುತ್ತಿದ್ದಳು. ಕೆಲವು ದಿನ ಇಬ್ಬರೂ ಅಳುತ್ತಿದ್ದರು. ವೆರೆನಾ ಸಣ್ಣ ವಾಕ್ಯಗಳನ್ನು ಬೆರಳಿಟ್ಟು ಓದುವಷ್ಟಾದಳು. ಲೆಕ್ಕ ಇನ್ನೂ ಮಂಜೇ. ‘ವಿಶೇಷ ಶಾಲೆಯಾಗಿದ್ದರೆ ಇಷ್ಟು ಹೊತ್ತಿಗೆ ಜಾಸ್ತಿ ಕಲಿಯುತ್ತಿದ್ದಳೋ ಏನೋ’ ಎಂದು ರೋಸ್ವಿತಾ ಟೀಚರ್ ಒಮ್ಮೆ ಮುಚ್ಚುಮರೆಯಿಲ್ಲದೆ ಹೇಳಿದರು. ಎಗೊನ್‌ಗೂ ಹಾಗೆ ಅನ್ನಿಸಿದ ದಿನಗಳಿದ್ದವು.

ಜೂನ್ ತಿಂಗಳ ಒಂದು ಮಧ್ಯಾಹ್ನ ಅವನು ಚರ್ಚ್ ಎದುರಿನ ಮನೆಯೊಂದರ ಮಾಡಿನ ಮೇಲೆ ಕೂತು ಹೊಗೆಗೂಡು ಸರಿಮಾಡುತ್ತಿದ್ದ. ಕೆಳಗೆ ಶಾಲೆ ಬಿಟ್ಟಿತ್ತು. ಮಕ್ಕಳೆಲ್ಲ ಹೊಳೆಯ ಕಡೆ ಓಡುತ್ತಿದ್ದರು. ವೆರೆನಾ ಹಿಂದೆ ಉಳಿದು, ಬಿಚ್ಚಿಹೋದ ಬೂಟಿನ ದಾರವನ್ನು ಕಟ್ಟಲು ಕೂತಿದ್ದಳು. ಆ ವಾರವಷ್ಟೇ ಊರಿಗೆ ಬಂದಿದ್ದ ಹೊಸ ಹುಡುಗಿಯೊಬ್ಬಳು ಅವಳ ಮುಂದೆ ನಿಂತು, ಅವಳ ಬೆರಳುಗಳು ತಡಕಾಡುವುದನ್ನು ನೋಡಿ ಕೇಳಿದಳು.

“ನಿಂಗೇನಾಗಿದೆ?”

ಎಗೊನ್‌ನ ಕೈಯಲ್ಲಿದ್ದ ಕರಣೆ ಗಾಳಿಯಲ್ಲೇ ನಿಂತಿತು.

“ನಂಗೆ ಎಲ್ಲಾ ನಿಧಾನ,” ಎಂದಳು ವೆರೆನಾ, ತಲೆ ಎತ್ತದೆ. “ನೀನು ಮುಂದೆ ಹೋಗಿರು. ನಾನು ಬರ್ತೀನಿ.”

ಹುಡುಗಿ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಓಡಿದಳು. ವೆರೆನಾ ಗಂಟು ಹಾಕಿ, ಅದು ಸಡಿಲವಾಯಿತೆಂದು ಬಿಚ್ಚಿ, ಮತ್ತೆ ಹಾಕಿದಳು. ಎದ್ದು ಲಂಗ ಕೊಡವಿಕೊಂಡು, ಯಾವ ಅವಸರವೂ ಇಲ್ಲದೆ, ಮಕ್ಕಳ ಗಲಾಟೆ ಕೇಳುತ್ತಿದ್ದ ಕಡೆಗೆ ನಡೆದುಕೊಂಡು ಹೋದಳು.